ಕೇಳಿಸಿದರೆ ಕೈ ಎತ್ತಿ

“ಅದನ್ನ ಹೊಸ್ತಿಲ ಆಚೆಗೇ ಇಡಿ.”

ಕಾಯಿಲಣ್ಣ ದನಿ ಏರಿಸಲಿಲ್ಲ. ಆದರೂ ಅಟ್ಟದ ಮೇಲೆ ಕೂತಿದ್ದವರೆಲ್ಲ ಒಟ್ಟಿಗೇ ಬಾಗಿಲ ಕಡೆ ತಿರುಗಿದರು.

ಬಾಗಿಲಲ್ಲಿ ಕಂಡಕ್ಟರ್ ನಿಂತಿದ್ದ. ಬಸ್ಸಿನ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದು ಬಹಳ ದಿನವಾಗಿತ್ತು. ಹೆಸರು ಮಾತ್ರ ಅವನಿಂದ ಇಳಿದಿರಲಿಲ್ಲ. ತೋಳಿನಲ್ಲಿ ಬೆಡ್‌ಶೀಟು ಸುತ್ತಿದ ಚಪ್ಪಟೆ ಗಂಟು. ಗಂಟಿನ ಒಂದು ಮೂಲೆ ಸಡಿಲಾಗಿ ಒಳಗಿನ ಗುಂಡಿಗಳ ಸಾಲು ಹಲ್ಲು ಕಿರಿದಂತೆ ಕಾಣುತ್ತಿತ್ತು.

ಅವನ ಹಿಂದೆ, ಮರದ ಮೆಟ್ಟಿಲ ಮೇಲೆ, ಒಬ್ಬ ಹೆಂಗಸು. ಈ ಕೇಸು ತಂದವಳು ಅವಳೇ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು; ಆದರೆ ಈ ಅಟ್ಟದವರ ಪಾಲಿಗೆ ಅವಳು ಸತ್ತವಳೊಬ್ಬಳ ತಂಗಿ, ಅಷ್ಟೇ.

ಅವಳ ದೂರು ಒಂದೇ ಸಾಲಿನದು. ಎರಡು ವರ್ಷದ ಹಿಂದೆ ದೋಣಿ ಮಗುಚಿ, ಹೆಣವೂ ಸಿಗದಂತೆ ನೀರುಪಾಲಾದ ಅಕ್ಕ ಮಾಡಿಟ್ಟ ಟೇಪನ್ನು ಕಾಯಿಲಣ್ಣ ತನ್ನದೆಂದು ಮೆರೆಸುತ್ತಿದ್ದಾನೆ.

ಇವತ್ತು ಸಂಜೆಯ ಲಾರಿಗೆ ಆ ಟೇಪಿನ ಪ್ರತಿ ಊರು ಬಿಡಲಿತ್ತು. ಅಷ್ಟರೊಳಗೆ ಅಕ್ಕನ ಹೆಸರು ಅದರ ಮೇಲೆ ಏರದಿದ್ದರೆ, ಇನ್ನು ಯಾವತ್ತಿಗೂ ಏರುವುದಿಲ್ಲ.

ಕೆಳಗಿನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿಯ ಕಾಯಿಲು ಸುತ್ತುವುದು ಕಾಯಿಲಣ್ಣನ ಕಸುಬು. ಹೆಸರು ಬಂದದ್ದು ಅಲ್ಲಿಂದ. ರಜೆಯ ಮಧ್ಯಾಹ್ನ ಅಂಗಡಿಯ ಶಟರು ಅರ್ಧ ಎಳೆದರೆ, ಮೇಲಿನ ಅಟ್ಟದಲ್ಲಿ ಗೊರಗೊರ ಸಂಘ ಸೇರುತ್ತಿತ್ತು. ವಾರ್ನಿಷಿನ ವಾಸನೆ ಹಲಗೆಗಳ ಸಂದಿನಿಂದ ಏರಿ ಬಂದವರ ಬಟ್ಟೆಗೆಲ್ಲ ಹತ್ತಿಕೊಳ್ಳುತ್ತಿತ್ತು. ಮನೆಗೆ ಹೋದ ಮೇಲೂ ಅದು ಬಿಡುತ್ತಿರಲಿಲ್ಲ. ಯಾರೂ ಬಿಡಿಸಿಕೊಳ್ಳಲು ಹೋಗುತ್ತಿರಲಿಲ್ಲ ಕೂಡ.

ಗೊರಗೊರ ಸಂಘ ಅಂತ ಹೆಸರಿಟ್ಟವರು ಬೈಯುವವರು. ಇವರು ಆ ಬೈಗುಳವನ್ನೇ ಎತ್ತಿ ತಲೆಯ ಮೇಲಿಟ್ಟುಕೊಂಡರು. ಇಲ್ಲಿ ಒಬ್ಬರಿಗೂ ಸ್ವರ ಹೇಳಿಕೊಟ್ಟವರಿಲ್ಲ, ತಾಳ ಹಾಕಿಸಿದವರಿಲ್ಲ. ಒಬ್ಬ ಕೆಟ್ಟ ರೇಡಿಯೋದ ಹೊಟ್ಟೆ ಬಗೆದು ಶಿಳ್ಳೆ ಹೊರಡಿಸುತ್ತಿದ್ದ. ಒಬ್ಬಳು ಫ್ರಿಜ್ಜಿನ ಬೆನ್ನಿಗೆ ಮೈಕು ಕಟ್ಟಿ ಅದರ ಗುಂಯ್‌ಗಾಟಕ್ಕೆ ಗಂಟೆಗಟ್ಟಲೆ ಕಿವಿ ಕೊಟ್ಟು ಕೂರುತ್ತಿದ್ದಳು. ಹೊಸ ಕ್ಯಾಸೆಟ್ಟು ಕೊಳ್ಳಲಾಗದವರು ಹಳೆಯ ಭಾಷಣಗಳ ಮೇಲೆಯೇ ತಮ್ಮ ಸದ್ದು ತುಂಬುತ್ತಿದ್ದರು. ಭಾಷಣಗಳಿಗೂ ಅದೇ ಸದ್ಗತಿ ಎನ್ನುತ್ತಿದ್ದರು.

ಇದೂ ಒಂದು ಸಂಗೀತವಾ ಎಂದು ಮೂಗು ಮುರಿದವರಿಗೆ ಲೆಕ್ಕವಿಲ್ಲ. ರೇಡಿಯೋದವರು ಒಮ್ಮೆ ಇವರ ಕ್ಯಾಸೆಟ್ಟನ್ನು ವಾಪಸ್ ಕಳಿಸಿ, ಟೇಪು ಕೆಟ್ಟುಹೋಗಿದೆ, ಬೇರೆ ಕಳಿಸಿ ಎಂದು ಚೀಟಿ ಇಟ್ಟಿದ್ದರು. ಸಂಘ ಆ ಚೀಟಿಗೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿತ್ತು. ಬೇರೆಯವರು ಪದಕ ತೂಗುಹಾಕುವ ಜಾಗದಲ್ಲಿ.

ಅದರ ಕೆಳಗೆ ಸೀಮೆಸುಣ್ಣದಲ್ಲಿ ಸಂಘದ ಕಾಯಿದೆ: ಒಂದು ಡೆಕ್ಕು, ಒಂದು ಮೈಕು, ಒಂದು ಉಸಿರು.

ಒಂದು ಸದ್ದನ್ನು ಮೊದಲು ತುಂಬಿ, ಅದರ ಪಕ್ಕ ಇನ್ನೊಂದು ತುಂಬಿ, ಆಮೇಲೆ ಎಲ್ಲ ಸೇರಿಸಿ ಹೊಲಿಯುವ ಮಿಷಿನ್ನು ಸ್ಟುಡಿಯೋದ ಶ್ರೀಮಂತರ ಆಟ. ಅದನ್ನು ಮುಟ್ಟಿದವರಿಗೆ ಈ ಅಟ್ಟದಲ್ಲಿ ಜಾಗವಿಲ್ಲ. ಕಂಡಕ್ಟರನ ತೋಳಿನಲ್ಲಿದ್ದದ್ದು ಅಂಥದೇ ಮಿಷಿನ್ನು.

“ದಾಟಲ್ಲ ಬಿಡಿ,” ಎಂದ ಅವನು. ಗಂಟನ್ನು ಮೆಟ್ಟಿಲ ತಲೆಯ ಹಲಗೆಯ ಮೇಲೆ ಇಳಿಸಿದ. ತಾನು ಮಾತ್ರ ಹೊಸ್ತಿಲು ದಾಟಿ ಒಳಗೆ ಬಂದು, ಯಾರೂ ಕರೆಯದಿದ್ದರೂ ಕೂತ. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಬಿಡದ ಅಭ್ಯಾಸ.

ಪಕ್ಕದಲ್ಲಿ ಪೀಪಿ ಅಜ್ಜಿ. ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು. ಕಿವಿಯ ಮಿಷಿನ್ನನ್ನು ಅಂಗೈಯಲ್ಲಿ ಮುಚ್ಚಿ ತೆರೆದು ಅದು ಕಿರುಚುವುದನ್ನೇ ರಾಗವಾಗಿ ಎಳೆದು ಟೇಪಿಗೆ ತುಂಬುವವಳು. ಮನೆಯವರು ಅಜ್ಜಿಗೆ ಕಿವಿ ಕೇಳುವುದಿಲ್ಲ ಎಂದು ಮರುಗುತ್ತಿದ್ದರು. ಅಜ್ಜಿ ಮನೆಯವರಿಗೆ ಕಿವಿಯೇ ಇಲ್ಲ ಎಂದು ಮರುಗುತ್ತಿದ್ದಳು.

ಎದುರಿಗೆ ಪಾರ್ಸಲ್. ಲಾರಿ ಹತ್ತಿ ಊರಿಂದೂರಿಗೆ ಟೇಪು ಮುಟ್ಟಿಸುವವನು. ಅವನು ಒಯ್ದದ್ದು ಗಡಿ ದಾಟಿ ಗೊತ್ತಿಲ್ಲದ ಭಾಷೆಯವರ ಕೈಗೂ ಹೋಗುತ್ತಿತ್ತು, ಅಲ್ಲಿಂದ ಮತ್ತೆ ಪ್ರತಿಯಾಗುತ್ತಿತ್ತು. ಅವನದೊಂದು ಪದ್ಧತಿ. ಟೇಪಿನ ಬೆನ್ನಿನ ಮೇಲೆ ಮಾಡಿದವರ ಹೆಸರನ್ನು ಎಲ್ಲರ ಮುಂದೆ ಅವನೇ ಬರೆಯಬೇಕು. ಬರೆದ ಮೇಲೆ ಅಪ್ಪ ಹೇಳಿದರೂ ತಿದ್ದುವುದಿಲ್ಲ. ಪೆನ್ನು ಆಗಲೇ ಅವನ ಬೆರಳಲ್ಲಿತ್ತು.

ಟೇಪು ಕಾಯಿಲಣ್ಣನ ಅಂಗಿಯ ಜೇಬಿನಲ್ಲಿತ್ತು. ಅದರ ಪ್ರತಿಗಳು ಎಲ್ಲರ ಮನೆಯಲ್ಲೂ ಇದ್ದವು; ಮೂಲ ಮಾತ್ರ ಆ ಜೇಬು ಬಿಟ್ಟು ಕದಲುತ್ತಿರಲಿಲ್ಲ.

ಕಂಡಕ್ಟರ್ ಮಿಷಿನ್ನಿನ ಸುದ್ದಿಯನ್ನೇ ಎತ್ತಲಿಲ್ಲ. ತನಗೆ ಸಂಗೀತದ ಗಂಧವಿಲ್ಲ, ಕೇಳಿದ್ದೆಲ್ಲ ಬಸ್ಸಿನ ಹಾರ್ನು ಎಂದ. ಎರಡನೇ ಬದಿಯ ಆ ಗುಟುರನ್ನು ಮಾತ್ರ ನಿನ್ನೆ ಕೇಳಿ ಮೈ ಜುಮ್ಮೆಂದಿತು, ಅದನ್ನು ಹೇಗೆ ಮಾಡಿದಿರಿ ಎಂದು ಸಣ್ಣ ಮಕ್ಕಳ ಹಾಗೆ ಕೇಳಿದ.

ಆ ಗುಟುರು ಯಾರಿಗೆ ಗೊತ್ತಿಲ್ಲ. ಟೇಪಿನ ಮೊದಲ ಬದಿಯಲ್ಲಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಒಂಟಿ ನಾದಗಳು ಸಾವಕಾಶವಾಗಿ ಹೊತ್ತಿ ಆರುತ್ತವೆ. ತಿರುಗಿಸಿ ಹಾಕಿದರೆ ಎರಡನೇ ಬದಿ. ಅಲ್ಲಿ ಬಾವಿಯ ತಳದಿಂದ ಬಂದಂಥ ಗಂಡು ದನಿ, ಹಿಂದುಮುಂದಾಗಿ, ತನ್ನ ಮಾತನ್ನು ತಾನೇ ನುಂಗುತ್ತಾ ಉರುಳುತ್ತದೆ. ಮೊದಲ ಸಲ ಕೇಳಿದ ದಿನ ಈ ಅಟ್ಟದಲ್ಲಿ ಯಾರೂ ಮಾತಾಡದೆ ಮೆಟ್ಟಿಲಿಳಿದು ಹೋಗಿದ್ದರು. ಇಷ್ಟು ವರ್ಷ ನಾವು ಹುಡುಕಿದ್ದು ಇದನ್ನೇ ಎಂಬ ಹೆಮ್ಮೆ ಪ್ರತಿಯೊಬ್ಬರ ಎದೆಯಲ್ಲೂ ಇತ್ತು.

ಕಾಯಿಲಣ್ಣನ ಮುಖ ಅರಳಿತು. ಸುಳ್ಳು ಹೇಳುವವನ ಮುಖವಲ್ಲ ಅದು. ಹೇಳಿ ಹೇಳಿ ತಾನೇ ನಂಬಿದವನ ಮುಖ. ಬೆಳಗಿನ ಜಾವ, ಗಂಟಲು ಇನ್ನೂ ಎಚ್ಚರಾಗದ ಹೊತ್ತಿನಲ್ಲಿ ಖಾಲಿ ಡ್ರಮ್ಮಿನೊಳಗೆ ತಲೆ ಹಾಕಿ ಹಾಡಿದೆ ಎಂದ. ಆಮೇಲೆ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ರೀಲು ಅದಲುಬದಲು ಮಾಡಿ ಹಾಕಿ, ಹಾಡು ಹಿಂದಕ್ಕೆ ಓಡುವಂತೆ ಮಾಡಿದೆ ಎಂದ. ಕೈಯಿಂದಲೇ ತೋರಿಸಿದ. ತಾಮ್ರದ ತಂತಿ ಸುತ್ತಿದ ಕೈ. ಗಾಳಿಯಲ್ಲಿ ರೀಲು ತಿರುಗಿದ್ದು ಕಣ್ಣಿಗೆ ಕಂಡಂತಾಯಿತು. ಕೂತವರು ತಲೆದೂಗಿದರು.

“ದನಿ ನಿಮ್ಮದೇ?” ಕಂಡಕ್ಟರ್ ಕೇಳಿದ.

“ಇನ್ಯಾರದ್ದಪ್ಪ? ಹೆಣ್ಣಿನ ಗಂಟಲಲ್ಲಿ ಆ ಆಳ ಹುಟ್ಟುತ್ತಾ?” ಕಾಯಿಲಣ್ಣ ತಂಗಿಯ ಕಡೆ ನೋಡಿ ದನಿ ಮೆತ್ತಗೆ ಮಾಡಿದ. “ನಿನ್ನ ಸಂಕಟ ನಂಗೆ ಅರ್ಥ ಆಗುತ್ತಮ್ಮ. ಹೋದವರ ಗುರುತು ಎಲ್ಲಾ ಕಡೆ ಕಾಣುತ್ತೆ. ಆದರೆ ಸಂಕಟ ಬೇರೆ, ಸಾಕ್ಷಿ ಬೇರೆ.”

ತಂಗಿ ಬಾಗಿಲ ಚೌಕಟ್ಟಿಗೆ ಒರಗಿದ್ದಳು.

ಅವಳ ಅಕ್ಕ ಕಿವಿ ಆಸ್ಪತ್ರೆಯಲ್ಲಿ ಕೇಳ್ಮೆ ಪರೀಕ್ಷೆ ಮಾಡುವವಳಾಗಿದ್ದಳು. ರೋಗಿಯನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನು ಹಾಕಿ, ಒಂದೊಂದೇ ನಾದ ಕೊಟ್ಟು, ಎಷ್ಟು ಸಣ್ಣದು ಕೇಳಿಸುತ್ತದೆ ಎಂದು ನೋಡುವ ಕೆಲಸ. ಅಕ್ಕನದು ಕಿವಿ, ತಂಗಿಯದು ಕಣ್ಣು, ನನ್ನ ಪಾಲಿಗೆ ಬಾಯಿ ಎಂದು ಅವರ ಅಮ್ಮ ನಗುತ್ತಿದ್ದುದುಂಟು. ಹಗಲೆಲ್ಲ ನಾದ ಕೊಟ್ಟವಳು ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಅದೇ ನಾದಗಳಿಂದ ಏನೋ ಕಟ್ಟುತ್ತಿದ್ದಳು. ಏನೆಂದು ಯಾರೂ ಕೇಳಲಿಲ್ಲ. ಟೇಪಿನ ಮೊದಲ ಬದಿ ಕಿವಿಗೆ ಬಿದ್ದ ದಿನವೇ ತಂಗಿಗೆ ಗೊತ್ತಾಗಿತ್ತು, ಇದು ಅಕ್ಕನ ಕೈ ಎಂದು. ಆದರೆ ಅವಳ ಗೊತ್ತು ಯಾರಿಗೆ ಬೇಕು.

“ಇನ್ನೊಂದೇ ಮಾತು,” ಎಂದ ಕಂಡಕ್ಟರ್. “ಹೊರಗಿಟ್ಟಿರೋ ಮಿಷಿನ್ನು. ಅಂಥದನ್ನ ಯಾವತ್ತಾದರೂ ಮುಟ್ಟಿದ್ದೀರಾ?”

“ಜನ್ಮದಲ್ಲಿ ಮುಟ್ಟಿಲ್ಲ.” ಕಾಯಿಲಣ್ಣ ಗೋಡೆಯ ಮೇಲಿನ ಕಾಯಿದೆಗೆ ಕೈ ತೋರಿಸಿದ. “ಆ ಅಕ್ಷರ ಬರೆದವನು ನಾನು. ಮುಟ್ಟಿದ ದಿನ ಈ ಕೈಯಿಂದ ತಂತಿ ಸುತ್ತೋದೂ ಬಿಡ್ತೀನಿ.”

ಕಂಡಕ್ಟರ್ ಎದ್ದ. ಇಷ್ಟು ಹೊತ್ತು ಅವನ ಮುಖದಲ್ಲಿದ್ದ ಪೆದ್ದುತನ ಸ್ಟಾಪು ಬಂದಂತೆ ಇಳಿದುಹೋಯಿತು.

ಆ ಮಿಷಿನ್ನು ಸಿಕ್ಕಿದ್ದು ಅಕ್ಕನ ಮಂಚದ ಕೆಳಗೆ ಎಂದು ಅವನು ಹೇಳಿದ. ನಿನ್ನೆ ಅವನು ಬಗ್ಗಿ ಎಳೆದಾಗ, ಹಳೆಯ ಇಸ್ತ್ರಿ ಸಾಮಾನು, ಬಿಡಿ ಎಂದು ಅಮ್ಮ ತಡೆದಿದ್ದಳು. ಬೆಡ್‌ಶೀಟಿನ ಮೇಲೆ ಒಂದು ಚಿಟಿಕೆ ಧೂಳೂ ಇರಲಿಲ್ಲ. ಬಾಡಿಗೆಗೆ ಮೈಕ್‌ಸೆಟ್ಟು ಕೊಡುವವನೊಬ್ಬನಿಗೆ ತೋರಿಸಿದರೆ, ಅವನು ಮುಚ್ಚಳ ಎತ್ತಿದವನೇ ನಕ್ಕನಂತೆ. ನಕ್ಕು ಹೇಳಿದ್ದನ್ನು ಕಂಡಕ್ಟರ್ ಈಗ ತನ್ನ ಭಾಷೆಗೆ ಇಳಿಸಿದ.

“ಟೇಪು ಅಂದ್ರೆ ನಾಲ್ಕು ಸಾಲಿನ ರಸ್ತೆ ಅಂದ್ಕೊಳ್ಳಿ. ನಿಮ್ಮ ಡೆಕ್ಕಿನಲ್ಲಿ ಎರಡು ಸಾಲು ಹೋಗೋಕೆ, ಎರಡು ಸಾಲು ಬರೋಕೆ. ಅದಕ್ಕೇ ತಿರುಗಿಸಿ ಹಾಕ್ತೀರಿ. ಈ ಮಿಷಿನ್ನಿನಲ್ಲಿ ನಾಲ್ಕೂ ಸಾಲು ಒಂದೇ ಕಡೆಗೆ ಹೋಗುತ್ತೆ. ಅದೂ ನಿಮ್ಮ ಡೆಕ್ಕಿನ ಎರಡರಷ್ಟು ಜೋರಾಗಿ.”

ಕಂಡಕ್ಟರ್ ಅಂಗೈಯನ್ನು ಟೇಪಿನ ಹಾಗೆ ಮಗುಚಿ ತೋರಿಸಿದ.

“ಈ ಮಿಷಿನ್ನಿನಲ್ಲಿ ತುಂಬಿದ ಟೇಪನ್ನ ನಿಮ್ಮ ಡೆಕ್ಕಿಗೆ ಹಾಕಿದರೆ ಏನಾಗುತ್ತೆ? ಮೊದಲ ಬದಿಯಲ್ಲಿ ಅರ್ಧ ಹಾಡು ಸಿಗುತ್ತೆ, ತೆವಳಿಕೊಂಡು. ತಿರುಗಿಸಿ ಹಾಕಿದರೆ ಉಳಿದರ್ಧ ರಿವರ್ಸ್ ಗೇರಲ್ಲಿ ಬರುತ್ತೆ, ಅದೂ ತೆವಳಿಕೊಂಡು. ತೆವಳೋ ದನಿ ಯಾರದ್ದಾದರೂ ಗುಟುರು ಹಾಕಿದಂಗೇ ಕೇಳುತ್ತೆ. ಹೆಣ್ಣಿನದಾದರೂ ಅಷ್ಟೇ.”

ಅಟ್ಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹೊತ್ತಿನಲ್ಲಿ ಅರ್ಥವಾಯಿತು. ಫ್ರಿಜ್ಜಿನವಳು ಮೊದಲು ಬಾಯಿಗೆ ಕೈ ಹಿಡಿದಳು. ರೇಡಿಯೋದವನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಟೇಪು ತಿರುಗಿಸಿ ನೋಡುತ್ತಿದ್ದ. ಇಷ್ಟು ಜನಕ್ಕೆ, ಸದ್ದೇ ಉಸಿರಾದವರಿಗೆ, ಇಷ್ಟು ದಿನ ಕೇಳಿಯೂ ಅದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ. ಆ ಮಿಷಿನ್ನು ಮುಟ್ಟುವುದಿಲ್ಲ ಎಂಬುದೇ ಅವರ ದೊಡ್ಡಸ್ತಿಕೆ. ಮುಟ್ಟದವರಿಗೆ ಅದರ ನಡೆ ಗೊತ್ತಾಗುವುದಿಲ್ಲ. ಹೊರಗಿನ ಯಾವ ಸ್ಟುಡಿಯೋದ ಹುಡುಗನಾದರೂ ಒಂದೇ ನಿಮಿಷದಲ್ಲಿ ಹಿಡಿಯುತ್ತಿದ್ದ ತಪ್ಪು, ಈ ಅಟ್ಟದಲ್ಲಿ ಮಾತ್ರ ಪವಾಡವಾಗಿ ಕೂತಿತ್ತು.

ಪ್ರತಿಗಳಿಂದ ಇದನ್ನು ತೋರಿಸಲಾಗುವುದಿಲ್ಲ ಎಂದ ಕಂಡಕ್ಟರ್. ಒಂದೊಂದು ಬದಿ ಬೇರೆ ಬೇರೆ ಇಳಿಸಿಕೊಂಡಿರುವುದರಿಂದ ನಾಲ್ಕು ಸಾಲು ಒಟ್ಟಿಗೆ ಕೂಡುವುದಿಲ್ಲ. ಮೂಲವೇ ಬೇಕು. ಅದನ್ನು ಈ ಮಿಷಿನ್ನಿಗೆ ಹಾಕೋಣ. ಕಾಯಿಲಣ್ಣ ಹೇಳಿದಂತೆ ಒಂದು ಡೆಕ್ಕಿನಲ್ಲಿ ಮಾಡಿದ್ದಾದರೆ ಬರುವುದು ಕಸ. ತಾನು ಎಲ್ಲರೆದುರು ಕಾಲು ಮುಟ್ಟಿ ಕ್ಷಮೆ ಕೇಳಿ ಮೆಟ್ಟಿಲಿಳಿಯುತ್ತೇನೆ ಎಂದ. ಕಸದ ಬದಲು ಬೇರೆ ಏನಾದರೂ ಬಂದರೆ, ಅದನ್ನು ಮಾಡಿದ್ದು ಇಂಥ ಮಿಷಿನ್ನಿನಲ್ಲಿ. ಜನ್ಮದಲ್ಲಿ ಅದನ್ನು ಮುಟ್ಟದವರದ್ದು ಆಗಲಾರದು.

ಕಾಯಿಲಣ್ಣನ ಕೈ ಜೇಬಿನ ಮೇಲೆ ಹೋಯಿತು. ಸ್ಟುಡಿಯೋ ಮಿಷಿನ್ನು ಈ ಅಟ್ಟದೊಳಗೆ ಓಡಿದರೆ ನಾಳೆ ಗೋಡೆಯ ಮೇಲಿನ ಅಕ್ಷರಕ್ಕೆ ಏನು ಬೆಲೆ ಎಂದು ಕೇಳಿದ. ಕೇಳಿದ ರೀತಿ ಗಟ್ಟಿಯಾಗಿಯೇ ಇತ್ತು. ಅರ್ಧ ಜನ ಹೌದೆಂದರು. ಕಾಯಿದೆ ಎಂದರೆ ಕಾಯಿದೆ.

ಪೀಪಿ ಅಜ್ಜಿ ಕಿವಿಯ ಮಿಷಿನ್ನನ್ನು ಸರಿಮಾಡಿಕೊಂಡಳು. ಅದು ಸಣ್ಣಗೆ ಕಿರುಚಿ ಸುಮ್ಮನಾಯಿತು.

“ಅದು ಹೊಸ್ತಿಲ ಆಚೆನೇ ಇರ್ಲಿ. ನಾವು ಈಚೆನೇ ಕೂತಿರ್ತೀವಿ. ಕಿವಿಗೆ ಯಾವನು ಹೊಸ್ತಿಲು ಕಟ್ಟಿದ್ದಾನೆ?”

ನಗು ಎದ್ದಿತು. ನಗು ಇಳಿದಾಗ ಎಲ್ಲರ ಕಣ್ಣೂ ಕಾಯಿಲಣ್ಣನ ಜೇಬಿನ ಮೇಲಿತ್ತು.

ಕೊಡದಿದ್ದರೆ ಕೊಡದಿರುವುದೇ ಒಪ್ಪಿಗೆಯಾಗುತ್ತಿತ್ತು. ಅದಷ್ಟೇ ಅಲ್ಲ. ಸಂಘ ಕಟ್ಟಿದವನು ಅವನು. ಗೊತ್ತಿಲ್ಲದ ಸದ್ದೊಂದು ಹತ್ತಿರದಲ್ಲಿದೆ ಎಂದರೆ ತಡೆದುಕೊಳ್ಳಲಾರದ ಜಾತಿ. ಟೇಪು ತೆಗೆದು ಅವನು ಅದನ್ನು ಒಮ್ಮೆ ಬೆರಳಿನಿಂದ ಒರೆಸಿದ. ಆಮೇಲೆ ಹೊಸ್ತಿಲ ಮೇಲಿನಿಂದ ತಂಗಿಯ ಕೈಗೆ ಕೊಟ್ಟ.

ಮಿಷಿನ್ನಿನಿಂದ ಒಂದು ವೈರು ಮಾತ್ರ ಹೊಸ್ತಿಲು ದಾಟಿ ಒಳಗಿನ ಸ್ಪೀಕರಿಗೆ ಬಂತು. ಮೈಕ್‌ಸೆಟ್ಟಿನವನು ಹೇಳಿಕೊಟ್ಟಂತೆ ತಂಗಿ ನಾಲ್ಕೂ ಗುಂಡಿ ಮೇಲಕ್ಕೆ ಸರಿಸಿ, ಒತ್ತಿದಳು.

ಮೊದಲು ಟೇಪಿನ ಸುಯ್‌ಗಾಟ. ಅದೂ ಬೇರೆಯಾಗಿತ್ತು, ತೆಳ್ಳಗೆ, ಬೆಳ್ಳಗೆ.

ಆಮೇಲೆ ನಾದಗಳು ಬಂದವು. ಕುಂಟುತ್ತಾ ನಡೆಯುತ್ತಿದ್ದ ಆ ಒಂಟಿ ನಾದಗಳು ಈಗ ಹಕ್ಕಿಯ ಹಿಂಡು ತಂತಿಯಿಂದ ಎದ್ದಂತೆ ಎದ್ದವು. ಬಲದಿಂದ ಒಂದು ಕರೆದರೆ ಎಡದಿಂದ ಒಂದು ಓಗೊಟ್ಟಿತು. ನಡುವೆ, ಇಷ್ಟು ದಿನ ಎಲ್ಲರೂ ಖಾಲಿ ಎಂದುಕೊಂಡಿದ್ದ ಜಾಗದಲ್ಲಿ, ಒಬ್ಬ ಹೆಂಗಸು ಗುನುಗುತ್ತಿದ್ದಳು. ಬಾವಿಯ ತಳದ ಗುಟುರಲ್ಲ. ಬಟ್ಟೆ ಮಡಿಸುತ್ತಾ, ಯಾರೂ ಕೇಳುತ್ತಿಲ್ಲ ಎಂಬ ಧೈರ್ಯದಲ್ಲಿ ಬರುವ ಗುನುಗು. ನಾದ ಎಲ್ಲಿ ಆರುತ್ತದೋ ಅಲ್ಲಿ ಸರಿಯಾಗಿ ಅವಳು ಹಿಡಿಯುತ್ತಿದ್ದಳು. ಅವಳ ಉಸಿರು ಮುಗಿದಲ್ಲಿ ನಾದ ಹಿಡಿಯುತ್ತಿತ್ತು. ಎರಡು ಅರ್ಧಗಳು ಹುಟ್ಟಿದ್ದೇ ಒಂದಕ್ಕೊಂದು ಕೈ ಕೊಡಲು.

ಇಷ್ಟು ದಿನ ಇವರು ತಲೆಬಾಗಿದ್ದು ಅದರ ನೆರಳಿಗೆ.

ತಂಗಿಯ ಕಣ್ಣು ತುಂಬಿತ್ತು, ಕತ್ತು ಮಾತ್ರ ನೆಟ್ಟಗಿತ್ತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನೋಡಿ, ನನ್ನ ಅಕ್ಕ ಇವಳು ಎಂದು ಬಾಯಲ್ಲಿ ಹೇಳುವ ಅಗತ್ಯವಿರಲಿಲ್ಲ.

ಗುನುಗು ನಿಂತಿತು. ಅದೇ ಹೆಂಗಸು ಮಾತಾಡಿದಳು. ದಿನವೂ ಅದನ್ನೇ ಹೇಳಿ ರೂಢಿಯಾದ, ಆದರೂ ಬೇಸರವಿಲ್ಲದ ದನಿ:

“ಸದ್ದು ಕೇಳಿಸಿದರೆ ಕೈ ಎತ್ತಿ. ಎಷ್ಟು ಸಣ್ಣಗೆ ಕೇಳಿಸಿದರೂ ಪರವಾಗಿಲ್ಲ.”

ಒಂದು ನಾದ ಬಂತು, ಸೂಜಿಯ ಮೊನೆಯಷ್ಟು.

ಪೀಪಿ ಅಜ್ಜಿಯ ಬಲಗೈ ಮೇಲೇರಿತು. ತಾನು ಎತ್ತಿದ್ದು ಅವಳಿಗೇ ಗೊತ್ತಿರಲಿಲ್ಲ. ಆಸ್ಪತ್ರೆಯ ಗಾಜಿನ ಗೂಡಿನಲ್ಲಿ ಕೂತು ಇದೇ ದನಿಗೆ ಎಷ್ಟೋ ಸಲ ಕೈ ಎತ್ತಿದ್ದಳು. ಈ ಅಟ್ಟದ ಸುದ್ದಿಯನ್ನು ಆ ಹುಡುಗಿಗೆ ಹೇಳಿದವಳೂ ತಾನೇ ಎಂದು ಆಮೇಲೆ ಅಜ್ಜಿ ಹೇಳಿದಳು. ಬಾ ಎಂದರೆ ಬರಲಿಲ್ಲವಂತೆ. ನಿಮ್ಮ ಕಾಯಿದೆಗೆ ನನ್ನ ಮಿಷಿನ್ನು ಒಗ್ಗುವುದಿಲ್ಲ ಅಜ್ಜಿ, ಅಂದಿದ್ದಳಂತೆ.

ಫ್ರಿಜ್ಜಿನವಳು ಕೈ ಎತ್ತಿದಳು. ರೇಡಿಯೋದವನು ಎತ್ತಿದ. ಒಬ್ಬರಾದ ಮೇಲೆ ಒಬ್ಬರು. ಪೆನ್ನು ಹಿಡಿದ ಕೈಯನ್ನೇ ಎತ್ತಿದ ಪಾರ್ಸಲ್. ನಾದ ಸಣ್ಣದಾಗುತ್ತಾ ಹೋಯಿತು, ಕೈಗಳು ಇಳಿಯಲಿಲ್ಲ. ಹಟಕ್ಕೆ ಬಿದ್ದವರಂತೆ ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಇನ್ನೂ ಕೇಳಿಸುತ್ತಿದೆ. ಇನ್ನೂ. ಲೋಕ ಗೊರಗೊರ ಎಂದು ಬೈದ ಕಿವಿಗಳು ಇವು. ಲೋಕಕ್ಕೆ ಏನೂ ಕೇಳಿಸದ ಕಡೆ ಇವು ಕೇಳುತ್ತಿದ್ದವು.

ಕಡೆಗೆ ಕಾಯಿಲಣ್ಣನ ಕೈ ಎದ್ದಿತು.

“ನನ್ನದಲ್ಲ,” ಎಂದ ಅವನು, ಕೈ ಇಳಿಸದೆ.

ಟೇಪು ಸಿಕ್ಕಿದ್ದು ಬಿಸ್ಕತ್ತಿನ ಡಬ್ಬದಲ್ಲಿ. ಸಂಘದ ರೂಢಿಯ ಡಬ್ಬ ಅದು: ಹೆಸರಿಲ್ಲದ ಒಂದು ಟೇಪು ಹಾಕಿ, ಹೆಸರಿಲ್ಲದ ಇನ್ನೊಂದು ತೆಗೆದುಕೊಂಡು ಹೋಗುವುದು, ತನ್ನದೆಂದು ಹೇಳುವ ಮನಸ್ಸಾದವರು ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳುವುದು. ಸಭೆಯ ಮೇಲೆ ಸಭೆ ಕಳೆದರೂ ಯಾರೂ ಎದ್ದು ನಿಲ್ಲಲಿಲ್ಲ. ಕಾಯಿಲಣ್ಣ ಮನೆಯಲ್ಲಿ ದಿನವೂ ಅದನ್ನು ಕೇಳುತ್ತಿದ್ದ. ಅವನದೇ ಟೇಪುಗಳನ್ನು ಪಾರ್ಸಲ್ ಒಯ್ದದ್ದುಂಟು, ಎಲ್ಲಿಂದಲೂ ಯಾರೂ ಇನ್ನೊಂದು ಕಳಿಸು ಎಂದದ್ದಿಲ್ಲ. ಒಂದು ದಿನ ಎದ್ದು ನಿಂತುಬಿಟ್ಟ. ಕೂರಲು ಆಗಲೇ ಇಲ್ಲ.

“ಕದಿಯೋಕೆ ನಿಮ್ಮ ಮನೆಗೆ ನಾನು ಬರಲಿಲ್ಲಮ್ಮ,” ಎಂದ ತಂಗಿಗೆ. “ಯಾರು ತಂದು ಹಾಕಿದರೋ ನಂಗೆ ಗೊತ್ತಿಲ್ಲ. ಆದರೆ ಇಂಥದು ಈ ಅಟ್ಟಕ್ಕೆ ಬಂತಲ್ಲ. ಬೇರೆಲ್ಲೂ ಅಲ್ಲ, ಇಲ್ಲಿಗೆ. ಅದಕ್ಕೆ ನಂಗೆ ಇವತ್ತೂ ಹೆಮ್ಮೆನೇ. ನನ್ನ ಹೆಸರು ಹೊಡೆದುಹಾಕಿ.”

ಬೈಯಲು ಬಾಯಿ ತೆರೆದವರು ಮುಚ್ಚಿದರು. ಅಜ್ಜಿ ಮಾತ್ರ, ಹೊಡೆದುಹಾಕುವಷ್ಟು ದೊಡ್ಡ ಹೆಸರಾ ನಿಂದು, ಇನ್ನೂ ಬರೆದೇ ಇಲ್ಲ ಎಂದು ಗೊಣಗಿದಳು.

ಪಾರ್ಸಲ್ ಹೊಸ ಲೇಬಲ್ಲೊಂದನ್ನು ಮೊಣಕಾಲ ಮೇಲೆ ನೆಟ್ಟಗೆ ಮಾಡಿ, ಪೆನ್ನಿನ ಮುಚ್ಚಳ ತೆಗೆದ. ಅಟ್ಟಕ್ಕೆ ಅಟ್ಟವೇ ತಂಗಿಯ ಬಾಯಿ ನೋಡಿತು. ಹೊರಗಿನ ಮಿಷಿನ್ನನ್ನು ನಿಲ್ಲಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಟೇಪು ಓಡುತ್ತಲೇ ಇತ್ತು.

ತಂಗಿ ಹೆಸರು ಹೇಳಲು ತುಟಿ ತೆರೆದಳು.

ಸ್ಪೀಕರಿನಲ್ಲಿ ಒಂದು ಮಗು ನಕ್ಕಿತು.

ನಾದದ ನಡುವೆ ಎಡದಿಂದ ತೇಲಿ ಬಂದ ನಗು. ಇಷ್ಟು ದಿನ ಡೆಕ್ಕಿನಲ್ಲಿ ಅದು ಯಾವುದೋ ಯಂತ್ರ ನರಳಿದಂತೆ ಕೇಳುತ್ತಿತ್ತು. ಈಗ ಅದು ಬರೀ ಮಗು. ನಕ್ಕು ನಕ್ಕು, ಉಸಿರು ಸಿಗದೆ, ಕೊನೆಯಲ್ಲಿ ಬಿಕ್ಕಳಿಕೆಗೆ ಬಿದ್ದು, ಬಿಕ್ಕಳಿಕೆಗೂ ನಗುವ ಮಗು. ಸುತ್ತ ಕೂತವರ ಮುಖದಲ್ಲೂ ನಗು ಮೂಡಿತು.

ತಂಗಿಯ ಮುಖದಲ್ಲಿ ಮೂಡಲಿಲ್ಲ.

ಆ ಬಿಕ್ಕಳಿಕೆಯನ್ನು ಕಂಡಕ್ಟರ್ ಕೂಡ ಗುರುತು ಹಿಡಿದ. ನಿನ್ನೆ ಅವನು ಮಂಚದ ಕೆಳಗೆ ಬಗ್ಗಿದ್ದಾಗ ತಂಗಿಯ ಅಮ್ಮನ ಸೊಂಟದ ಮೇಲೆ ಕೂತು ಹಾಗೆಯೇ ಬಿಕ್ಕಳಿಸಿ ನಕ್ಕಿದ್ದ ಮಗು ಅದು. ತಂಗಿಯ ಮಗಳು. ಮೊನ್ನೆ ಮೊನ್ನೆ ವರ್ಷ ತುಂಬಿದವಳು. ಅಕ್ಕ ನೀರುಪಾಲಾದಾಗ ಹೊಟ್ಟೆಯಲ್ಲೂ ಇರದಿದ್ದವಳು.

ಮಗುವಿನ ಹಿಂದೆಯೇ, ಮೈಕಿನಿಂದ ದೂರದಲ್ಲಿ, ಇನ್ನೊಂದು ಹೆಂಗಸಿನ ದನಿ. ಅವಸರದ, ಅಡುಗೆಮನೆ ಕಡೆಯಿಂದ ಬಂದ ದನಿ. ಆ ದನಿ ಕೇಳಿ ಬೆಳೆದವಳು ತಂಗಿ.

“ಗುಬ್ಬೀ, ಸಾಕು ಬಾರೇ, ನಿಮ್ಮಮ್ಮ ಬರೋ ಹೊತ್ತಾಯ್ತು. ಏಳೇ ನೀನೂ. ಮಿಷಿನ್ನು ಎತ್ತಿಟ್ಟು ಹೊರಡು.”

ಅಮ್ಮ.

ಏಳೇ ನೀನೂ ಎಂದದ್ದು ಮಗುವಿಗಲ್ಲ.

ತಂಗಿ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ಹಗಲುಗಳಲ್ಲಿ, ಅವಳದೇ ಮನೆಯಲ್ಲಿ, ಅವಳದೇ ಮಗುವನ್ನು ಪಕ್ಕದಲ್ಲಿ ಆಡಲು ಬಿಟ್ಟುಕೊಂಡು, ಸತ್ತ ಅಕ್ಕ ಬಂದು ಕೂತು ಹಾಡು ಕಟ್ಟಿ ಹೋಗುತ್ತಿದ್ದಳು. ಅಮ್ಮ ಬಾಗಿಲು ತೆರೆಯುತ್ತಿದ್ದಳು. ಅಮ್ಮ ಬಾಗಿಲು ಹಾಕುತ್ತಿದ್ದಳು. ಸಂಜೆ ತಂಗಿಯ ಜೊತೆ ಕೂತು ಅದೇ ಅಕ್ಕನಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಬದುಕಿದ್ದವಳು ಎರಡು ವರ್ಷ ಸತ್ತವಳಾಗಿಯೇ ಇದ್ದಾಳೆ ಎಂದರೆ, ಅವಳು ಯಾರೋ ಒಬ್ಬರಿಂದ ಅಡಗಿದ್ದಾಳೆ; ಅವರ ಪಾಲಿಗೆ ಅವಳು ಸತ್ತಿರಲೇಬೇಕು. ಆ ಒಬ್ಬರು ಯಾರು ಎಂಬುದು ತಂಗಿಗೆ ಗೊತ್ತಿರಲಿಲ್ಲ. ಅಕ್ಕನ ಹೆಸರು ಹೊತ್ತ ಟೇಪು ಅವರ ಕೈಗೆ ತಲುಪುವುದಿಲ್ಲ ಎಂದು ಹೇಳುವವರೂ ಇರಲಿಲ್ಲ. ಪಾರ್ಸಲ್ ಒಯ್ದದ್ದು ಎಲ್ಲೆಲ್ಲಿಗೋ ಹೋಗುತ್ತದೆ.

“ಹೇಳಮ್ಮ,” ಎಂದ ಪಾರ್ಸಲ್. ಪೆನ್ನಿನ ಮೊನೆ ಲೇಬಲ್ಲಿಗೆ ತಾಗುವಷ್ಟು ಹತ್ತಿರವಿತ್ತು. “ಲಾರಿ ಕಾಯಲ್ಲ. ಯಾರ ಹೆಸರು?”

ಇದೇ ಪ್ರಶ್ನೆಗೋಸ್ಕರ ಅವಳು ಎಷ್ಟು ಬಾಗಿಲು ಬಡಿದಿದ್ದಳು, ಎಷ್ಟು ಜನರ ನಗುವಿಗೆ ಎದೆ ಕೊಟ್ಟಿದ್ದಳು. ಹೆಸರು ನಾಲಿಗೆಯ ಮೇಲೆಯೇ ಇತ್ತು.

ತಂಗಿ ಕೈ ಚಾಚಿ ಮಿಷಿನ್ನನ್ನು ನಿಲ್ಲಿಸಿದಳು. ಅಟ್ಟದಲ್ಲಿ ಏನೂ ಕೇಳಿಸದ ಹಾಗಾಯಿತು. ಅವಳು ಯಾರ ಮುಖವನ್ನೂ ನೋಡಲಿಲ್ಲ.

“ಕಾಯಿಲಣ್ಣನ ಹೆಸರೇ ಬರೀರಿ,” ಎಂದಳು.